‘ಅನುಮೋದಿಸಲಾಗಿದೆ’ ಅಂತಾರೆ, ಸಹಿ ಯಾರದ್ದು?



ಸ್ವಲ್ಪ ಉದ್ದದ ಬರಹ. ಬಿಡುವು ಮಾಡಿಕೊಂಡು ಓದಿ. ನಮ್ಮ ಕೇರಿಗಳಿಗೆ ಆಗಾಗ ಫಾರಂ ಹಿಡ್ಕೊಂಡು ಬರ್ತಾರಲ್ಲ, ಆರೋಗ್ಯದ ಸರ್ವೆ, ಪೌಷ್ಟಿಕತೆಯ ಸರ್ವೆ, ‘ದಲಿತ ಮಹಿಳೆಯರ ಸ್ಥಿತಿಗತಿ’ ಅಂತ, ಅವರ ಬಗ್ಗೆ. ಎರಡು ಗಂಟೆ ಕೂರಿಸಿ ಪ್ರಶ್ನೆ ಕೇಳ್ತಾರೆ, ರಕ್ತ ತಗೋತಾರೆ, ಫೋಟೋ ಹೊಡೀತಾರೆ, ಹೋಗ್ತಾರೆ. ಯಾರಪ್ಪ ನಿಮ್ಮನ್ನ ಕಳಿಸಿದ್ದು ಅಂದ್ರೆ ‘ಅಪ್ರೂವ್ ಆಗಿದೆ ಸಾರ್’ ಅನ್ನೋದೇ ಉತ್ತರ. ಆ ಒಂದು ಪದದ ಚರಿತ್ರೆ ಹುಡುಕೋಣ ಅಂತ ಇದನ್ನ ಬರೀತಿದ್ದೀನಿ. ಹುಡುಕೋಕೆ ದೂರ ಹೋಗಬೇಕಿಲ್ಲ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲೇ, ಅಕ್ಕಪಕ್ಕದಲ್ಲೇ, ನೂರು ವರ್ಷದ ಕಥೆ ಬಿದ್ದಿದೆ.

ಬ್ಲಫ್‌ನಿಂದಲೇ ಶುರು ಮಾಡ್ತೀನಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಹತ್ತಿರದ ಆ ಕಾಲೊನಿ ನಿಮಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಬ್ಲಫ್ ಅಂದ್ರೆ ಕಡಿದಾದ ಬಂಡೆಯಂಚು ಅಂತ ಅರ್ಥ, ಬುರುಡೆ ಬಿಡೋದು ಅಂತಲೂ ಅರ್ಥ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಆಗಿ, 1902ರ ಜೂನ್‌ನಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಹೋಯ್ತು. ಎಲ್ಲಿಗೆ? ಮಳವಳ್ಳಿಗಲ್ಲ, ಮಂಡ್ಯಕ್ಕಲ್ಲ. ಕೋಲಾರದ ಚಿನ್ನದ ಗಣಿಗೆ. ನಮ್ಮ ಎಷ್ಟೋ ಕೇರಿಗಳಲ್ಲಿ ಭಾಗ್ಯಜ್ಯೋತಿ ಬಲ್ಬು ಬರೋವರೆಗೂ ಸೀಮೆಎಣ್ಣೆ ಬುಡ್ಡಿಯೇ ಗತಿ. ಕಾವೇರಿ ನಮ್ಮ ಮಗ್ಗುಲಲ್ಲಿ, ಬೆಳಕು ಇನ್ನೆಲ್ಲೋ.

ಆ ತಂತಿಯ ಆ ಕೊನೆಯಲ್ಲಿ ಯಾರಿದ್ರು? ಗಣಿಯ ಆಳದಲ್ಲಿ ಬಂಡೆ ಕೊರೆಯೋರಲ್ಲಿ ಬಹುಪಾಲು ತಮಿಳು ಮಾತಾಡೋ ನಮ್ಮ ಜನವೇ, ಆದಿ ದ್ರಾವಿಡರು. ಕಲ್ಲಿನ ಧೂಳು ಪುಪ್ಪುಸಕ್ಕೆ ಹೋಗಿ ಕೂತ್ಕೊಂಡು ಉಸಿರು ಕಟ್ಟಿಸೋ ರೋಗಕ್ಕೆ ಸಿಲಿಕೋಸಿಸ್ ಅಂತಾರೆ. 1940ರ ದಶಕದಲ್ಲಿ ಕೆಜಿಎಫ್‌ನಲ್ಲಿ ವೈದ್ಯರು 7,653 ಕಾರ್ಮಿಕರ ಎದೆ ಪರೀಕ್ಷೆ ಮಾಡಿದ್ರು. ನೂರಕ್ಕೆ 43ಕ್ಕೂ ಹೆಚ್ಚು ಜನಕ್ಕೆ ಆ ರೋಗ. ಇವತ್ತಿಗೂ ನಮ್ಮ ದೇಶದ ವೈದ್ಯಕೀಯ ವಿದ್ಯಾರ್ಥಿಗಳು ಓದೋ ಪುಸ್ತಕದಲ್ಲಿ ಆ ಲೆಕ್ಕ ಇದೆ. ಪರೀಕ್ಷೆಗೆ ಬರೋ ಪ್ರಶ್ನೆ ಅದು. ಆ 7,653 ಜನ ಯಾರ ಮಕ್ಕಳು, ಯಾವ ಜಾತಿಯೋರು, ಎಕ್ಸ್‌ರೇ ತೆಗೆದ ಮೇಲೆ ಅವರ ಮನೇಲಿ ಏನಾಯ್ತು ಅನ್ನೋದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲ್ಲ.

ಬಂಧುಗಳೇ, ಸಂಶೋಧನೆ ಮಾಡಿದ್ದೇ ತಪ್ಪು ಅಂತ ಹೇಳ್ತಿಲ್ಲ. ಅವತ್ತು ಲೆಕ್ಕ ಹಾಕದೇ ಇದ್ದಿದ್ರೆ ‘ಬೀಡಿ ಸೇದಿ ಕೆಮ್ಮಿ ಸತ್ತ’ ಅಂತ ಮುಗಿಸಿಬಿಡ್ತಿದ್ರು. ಲೆಕ್ಕ ಬೇಕು. ಕೇಳಬೇಕಾದ್ದು ಎರಡೇ ಪ್ರಶ್ನೆ. ಒಪ್ಪಿಗೆಯ ಸಹಿ ಯಾರದ್ದು? ಬಂದ ಉತ್ತರ ಯಾರ ಮನೆಗೆ ಹೋಯ್ತು? ಈ ಎರಡನ್ನ ಕೈಲಿಟ್ಕೊಂಡು ಮುಂದೆ ಹೋಗೋಣ.

ಕೆಆರ್‌ಎಸ್ ಕಟ್ಟಿದ ಮೇಲೆ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯಕ್ಕೆ ನೀರು ತಂತು. 1930ರ ದಶಕದಲ್ಲಿ ಬೆದ್ದಲು ಗದ್ದೆ ಆಯ್ತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯ್ತು. ಇದನ್ನೆಲ್ಲ ಪಾಠದಲ್ಲಿ ಓದಿದ್ದೀವಿ. ನೀರಿನ ಜೊತೆ ಚಳಿಜ್ವರವೂ ಬಂತು ಅನ್ನೋದನ್ನ ಓದಿಲ್ಲ. ನಾಲೆ ಏರಿಯಿಂದ ಬಸಿಯೋ ನೀರು, ಗದ್ದೆಯಲ್ಲಿ ನಿಂತ ನೀರು, ಹಳ್ಳದ ಮಡು, ಎಲ್ಲಾ ಕಡೆ ಮಲೇರಿಯಾ ಸೊಳ್ಳೆ. ಆಗ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮೈಸೂರು ಸರ್ಕಾರದ ಜೊತೆ ಸೇರಿ ಸಂಸ್ಥಾನದಲ್ಲಿ ಮಲೇರಿಯಾ ಸಂಶೋಧನೆ ನಡೆಸ್ತಿತ್ತು. ಮುಖ್ಯಸ್ಥರು ಡಾ. ಸ್ವೀಟ್ ಅನ್ನೋರು, ಜೊತೆಗೆ ನಮ್ಮ ಮೈಸೂರಿನ ವೈದ್ಯರು. ಮಂಡ್ಯದ ನೀರಾವರಿ ಸೀಮೆಯೂ ಅವರ ಅಧ್ಯಯನದ ಜಾಗ. ಸೊಳ್ಳೆ ಹಿಡಿದು ಹೊಟ್ಟೆ ಕೊಯ್ದು ನೋಡೋದು, ಮೊಟ್ಟೆ ಅಳೆಯೋದು, ನಿಂತ ನೀರಿಗೆ ಪ್ಯಾರಿಸ್ ಗ್ರೀನ್ ಅನ್ನೋ ಹಸಿರು ವಿಷದ ಪುಡಿ ಎರಚೋದು. ಒಂದೂರಲ್ಲಿ ಎಷ್ಟು ಮಲೇರಿಯಾ ಇದೆ ಅಂತ ತಿಳಿಯೋಕೆ ಆ ಕಾಲದಲ್ಲಿ ಇದ್ದ ವಿಧಾನ ಅಂದ್ರೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಹೊಟ್ಟೆಯ ಎಡಗಡೆ ಒತ್ತಿ, ಜ್ವರಗಡ್ಡೆ ಇದ್ಯಾ ಅಂತ ನೋಡಿ ಲೆಕ್ಕ ಬರ್ಕೊಳ್ಳೋದು.

1937ರಲ್ಲಿ ಆ ವಿಜ್ಞಾನಿಗಳು ಒಂದು ಬಗೆಯ ಸೊಳ್ಳೆಗೆ ‘ಮೈಸೋರೆನ್ಸಿಸ್’ ಅಂತ ಹೆಸರಿಟ್ರು. ವಿಜ್ಞಾನದ ಪುಸ್ತಕದಲ್ಲಿ ನಮ್ಮ ಸೀಮೆಯ ಸೊಳ್ಳೆಗೆ ಹೆಸರು ಸಿಕ್ತು. ಸಾಲಲ್ಲಿ ನಿಂತ ಮಕ್ಕಳು ಬರೀ ಶೇಕಡಾವಾರು ಆದ್ರು. ಊರಿನ ನೀರೆಲ್ಲ ಬಸಿಯೋ ತಗ್ಗಿನಲ್ಲೇ ಕೇರಿ ಇರೋ ಸೀಮೆ ನಮ್ಮದು. ಆ ಮಕ್ಕಳಲ್ಲಿ ಕೇರಿಯ ಮಕ್ಕಳು ಎಷ್ಟು ಅಂತ ನೀವೇ ಯೋಚನೆ ಮಾಡಿ.

ಆ ಕಾಲದಲ್ಲಿ ಒಪ್ಪಿಗೆ ಹೆಂಗೆ ನಡೀತಿತ್ತು? ಸಂಸ್ಥಾನದ ಆಡಳಿತ ಮೇಲಿಂದ ಕೆಳಕ್ಕೆ ಇಳಿಯೋ ಏಣಿ. ದಿವಾನರ ಕಚೇರಿ, ಜಿಲ್ಲಾಧಿಕಾರಿ, ಅಮಲ್ದಾರ, ಆಮೇಲೆ ಪಟೇಲ, ಶಾನುಭೋಗ. ಕೊನೆಗೆ ತಮಟೆ ಹೊಡೆದು ಸಾರೋ ಕೆಲಸ ನಮ್ಮೋರದ್ದು. ಏಣಿಯ ಪ್ರತಿ ಮೆಟ್ಟಿಲಿಗೂ ಸಹಿ ಇತ್ತು. ತಮಟೆ ಹೊಡೆದೋನ ಸಹಿ ಯಾರೂ ಕೇಳಲಿಲ್ಲ, ಅವನ ಮಗುವಿನ ಹೊಟ್ಟೆ ಮುಟ್ಟೋಕೆ ಅವನನ್ನ ಕೇಳಲಿಲ್ಲ. ಮುಟ್ಟಬಾರದು ಅಂತ ದೂರ ಇಟ್ಟಿದ್ದ ಮೈಯನ್ನ ಲೆಕ್ಕಕ್ಕೆ ಮಾತ್ರ ಮುಟ್ಟಬಹುದಿತ್ತು.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಏಣಿ ಹೋಯ್ತಾ ನೋಡೋಣ.

1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ದೊಡ್ಡ ಜನಸಂಖ್ಯಾ ಅಧ್ಯಯನ ಮಾಡಿದ್ವು. ಎಷ್ಟು ಮಕ್ಕಳು, ಎಷ್ಟು ಸತ್ತವು, ಇನ್ನೂ ಬೇಕಾ ಅಂತ ಮನೆಮನೆಗೆ ಹೋಗಿ ಕೇಳಿದ್ರು. ‘ಮೈಸೂರು ಜನಸಂಖ್ಯಾ ಅಧ್ಯಯನ’ದ ವರದಿ 1961ರಲ್ಲಿ ನ್ಯೂಯಾರ್ಕ್‌ನಿಂದ ಪ್ರಕಟ ಆಯ್ತು. ಪ್ರಶ್ನೆ ಇಲ್ಲಿ, ಪುಸ್ತಕ ಅಲ್ಲಿ.

ಅದೇ ಹೊತ್ತಿಗೆ ನಮ್ಮ ಪಕ್ಕದ ರಾಮನಗರದಲ್ಲಿ, ಅಂದ್ರೆ ಹಳೇ ಕ್ಲೋಸ್‌ಪೇಟೆಯಲ್ಲಿ, ಇನ್ನೊಂದು ಪ್ರಯೋಗ. ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀವಾದಿ. ಔಷಧ, ಸಾಧನ ಏನೂ ಬೇಡ, ‘ಸುರಕ್ಷಿತ ದಿನ’ಗಳ ಲೆಕ್ಕದಿಂದಲೇ ಸಂತಾನ ನಿಯಂತ್ರಣ ಆಗಬೇಕು ಅನ್ನೋ ನಿಲುವು ಅವರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದ್ರು. ದೆಹಲಿಯ ಲೋದಿ ಕಾಲೊನಿ ಒಂದು ಕಡೆ, ಹಳ್ಳಿಗಾಡಿಗೆ ರಾಮನಗರ ಇನ್ನೊಂದು ಕಡೆ. ಹೆಂಗಸರು ದಿನ ಲೆಕ್ಕ ಇಡೋಕೆ ಬಣ್ಣಬಣ್ಣದ ಮಣಿಸರ ರೂಪಿಸಿದ್ರು. ಹಸಿರು ಮಣಿ ಬಂದ್ರೆ ಸರಿ, ಕೆಂಪು ಮಣಿ ಬಂದ್ರೆ ಗಂಡನಿಂದ ದೂರ ಇರಬೇಕು. ಕೂಲಿನಾಲಿ ಮಾಡಿ ಬಂದ ಹೆಣ್ಣುಮಗಳು ರಾತ್ರಿ ಗಂಡನಿಗೆ ‘ಇವತ್ತು ಕೆಂಪು ಮಣಿ’ ಅಂತ ಹೇಳಿ ನಿಲ್ಲಿಸಬಹುದು ಅಂತ ಜಿನೀವಾದಲ್ಲಿ, ದೆಹಲಿಯಲ್ಲಿ ಕೂತೋರು ನಂಬಿದ್ರು! ಪ್ರಯೋಗ ಸೋತಿತು. ಗಂಡಿನ ಅಧಿಕಾರದ ಬಗ್ಗೆ ಒಂದು ಮಾತೂ ಆಡದೆ ಹೆಣ್ಣಿನ ಕೈಗೆ ಮಣಿಸರ ಕೊಟ್ಟರೆ ಇನ್ನೇನಾಗುತ್ತೆ? ಮೊದಲೇ ಆ ಹೆಂಗಸರನ್ನ ಕೂರಿಸಿ ‘ನಿಮಗೇನು ಬೇಕವ್ವಾ’ ಅಂತ ಕೇಳಿದ್ದಿದ್ರೆ ಅವರೇ ಹೇಳ್ತಿದ್ರು.

ಈಗ ಮಂಡ್ಯದ ಅತಿ ಮುಖ್ಯ ಸಂಶೋಧನೆಗೆ ಬರ್ತೀನಿ. ಸ್ಕಾರ್ಲೆಟ್ ಎಪ್ಸ್ಟೀನ್. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ಹಿಟ್ಲರನ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದೋರು. 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದ್ರು. ಪುಸ್ತಕ 1962ರಲ್ಲಿ ಮ್ಯಾಂಚೆಸ್ಟರ್‌ನಿಂದ ಬಂತು. ಹಳ್ಳಿಗಳ ನಿಜವಾದ ಹೆಸರು ಮರೆಮಾಚಿ ‘ವಾಂಗಲ’, ‘ದಲೇನ’ ಅಂತ ಇಟ್ರು. ವಾಂಗಲಕ್ಕೆ ನಾಲೆ ನೀರು ಬಂತು. ದಲೇನದ ಭೂಮಿ ನಾಲೆಗಿಂತ ಎತ್ತರ, ಒಣಗಿಯೇ ಉಳಿಯಿತು. ಸುತ್ತ ನೀರಾವರಿ, ನಡುವೆ ಅದೊಂದು ಬೆದ್ದಲು.

ಆಯಮ್ಮ ಕಂಡದ್ದು ಏನು ಗೊತ್ತಾ? ನೀರು ಬಂದ ವಾಂಗಲದಲ್ಲಿ ದುಡ್ಡು ಬಂತು, ಆದರೆ ಹಳೇ ಕಟ್ಟುಪಾಡು ಅಲ್ಲಾಡಲಿಲ್ಲ. ಗದ್ದೆ, ಕಬ್ಬಿಗೆ ಆಳು ಬೇಕು, ಹಂಗಾಗಿ ಒಕ್ಕಲಿಗರ ಮನೆಗೂ ಆದಿ ಕರ್ನಾಟಕರ ಮನೆಗೂ ಇದ್ದ ವಂಶಪಾರಂಪರ್ಯದ ಕಟ್ಟು, ನಮ್ಮ ಕಡೆ ‘ಹಳೇಮಕ್ಕಳು’ ಅಂತಾರಲ್ಲ ಅದು, ಗಟ್ಟಿಯಾಗೇ ಉಳೀತು. ವರ್ಷಕ್ಕೊಮ್ಮೆ ಕಣದಲ್ಲಿ ಕೊಡೋ ಕಾಳು, ವರ್ಷವೆಲ್ಲ ಚಾಕರಿ. ನೀರು ಬಾರದ ದಲೇನದೋರು ಹೊಟ್ಟೆಪಾಡಿಗೆ ಮಂಡ್ಯ ಪೇಟೆ ಕಡೆ ಮುಖ ಮಾಡಿದ್ರು. ಗಾಡಿ ಹೊಡೆದ್ರು, ನೌಕರಿಗೆ ಹೋದ್ರು, ಯಂತ್ರ ಹಾಕಿದ್ರು. ಅಲ್ಲಿ ಹಳೇ ಕಟ್ಟು ಸಡಿಲ ಆಯ್ತು. ನೀರಾವರಿ ಬಂದರೆ ಎಲ್ಲರೂ ಉದ್ಧಾರ ಅನ್ನೋ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ? ಭೂಮಿ ಯಾರ ಕೈಲಿದೆ ಅನ್ನೋದು ಬದಲಾಗದೆ ನೀರು ಬಂದರೆ, ಭೂಮಿ ಇದ್ದೋನಿಗೆ ಬೆಳೆ, ಇಲ್ಲದೋನಿಗೆ ಬಿಟ್ಟಿ. ವಾಂಗಲದ ಕೇರಿಯೋರು ನಾಟಕ ಆಡೋಕೆ ಹೊರಟಾಗ, ಅವರಲ್ಲೊಬ್ಬ ರಂಗದ ಮೇಲೆ ಸಿಂಹಾಸನದಲ್ಲಿ ಕೂರೋದನ್ನ ಮೇಲ್ಜಾತಿಯೋರು ಸಹಿಸಲಿಲ್ಲ ಅನ್ನೋ ಪ್ರಸಂಗವನ್ನೂ ಎಪ್ಸ್ಟೀನ್ ಬರೆದಿದ್ದಾರೆ. ಬಣ್ಣ ಹಚ್ಚಿದ ರಾಜನಿಗೂ ಜಾತಿ ಕೇಳಿದ ಊರು!

ಈ ಪುಸ್ತಕ ನಮಗೆ ಸಾಕ್ಷಿ. ನಮ್ಮ ಅಜ್ಜ ಅಜ್ಜಿಯರ ಚಾಕರಿಯ ಲೆಕ್ಕ ಬರೆದಿಟ್ಟ ದಾಖಲೆ. ಎಪ್ಸ್ಟೀನ್ 1970ರಲ್ಲಿ ಮತ್ತೆ ಬಂದ್ರು, 1973ರಲ್ಲಿ ಎರಡನೇ ಪುಸ್ತಕ, 1998ರಲ್ಲಿ ಇಲ್ಲಿಯ ಇಬ್ಬರು ಸಹ ಲೇಖಕರ ಜೊತೆ ಮೂರನೆಯದು. ಬಂದು ಹೋಗಿ ಮರೆತೋರಲ್ಲ. ಅದಕ್ಕೆ ಗೌರವ ಇದೆ. ಆದರೂ ನಮ್ಮ ಎರಡು ಪ್ರಶ್ನೆ ಬಿಡೋ ಹಾಗಿಲ್ಲ. ಊರಿನ ಹೆಸರು ಮರೆಮಾಚೋದು ಸಂಶೋಧಕರ ಶಿಸ್ತು, ಮಾತಾಡಿದೋರಿಗೆ ತೊಂದರೆ ಆಗಬಾರದು ಅಂತ. ಸರಿ. ಆದರೆ ಅದೇ ಮರೆಯಿಂದಾಗಿ ಆ ಕೇರಿಯ ಮೊಮ್ಮಗ ಕಾಲೇಜಿಗೆ ಹೋಗಿ ಆ ಪುಸ್ತಕ ಕೈಗೆತ್ತಿಕೊಂಡರೂ ಇದು ನಮ್ಮಜ್ಜನ ಕಥೆ ಅಂತ ಗುರುತು ಸಿಗಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ವಾಂಗಲ ಗೊತ್ತು, ವಾಂಗಲಕ್ಕೆ ತಾನು ವಾಂಗಲ ಅಂತ ಗೊತ್ತಿಲ್ಲ.

ಇನ್ನು ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದು, ಆಮೇಲೆ 1976ರಲ್ಲಿ ‘ರಾಂಪುರ’ದ ನೆನಪಿನ ಪುಸ್ತಕ ಬರೆದ ದೊಡ್ಡ ವಿದ್ವಾಂಸರು. ಇಳಿದುಕೊಂಡದ್ದು ಊರ ಯಜಮಾನರ ಆಶ್ರಯದಲ್ಲಿ. ಕೇರಿಯ ಕಡೆಯಿಂದ ಊರನ್ನ ನೋಡೋಕೆ ತಮಗೆ ಸಾಧ್ಯ ಆಗಲಿಲ್ಲ, ತಮ್ಮ ನೋಟ ಮೇಲ್ಜಾತಿಯ ನೋಟ ಅನ್ನೋದನ್ನ ಅವರೇ ಒಪ್ಪಿಕೊಂಡ್ರು. ಪ್ರಾಮಾಣಿಕತೆ ಮೆಚ್ಚಬೇಕು. ಆದರೆ ಗಮನಿಸಿ, ಇಲ್ಲಿ ಅನುಮೋದನೆ ಕೊಟ್ಟೋನು ಯಜಮಾನ. ಬಾಗಿಲು ತೆಗೆದೋನು ಯಾರೋ, ಮನೆಯ ಒಳಗು ಕಾಣೋದು ಅವನ ಕಣ್ಣಿಂದಲೇ.

ಇದೆಲ್ಲ ಹಳೇ ಕಾಲ, ಈಗ ಕಾನೂನು ಇದೆ ಅಂತೀರಾ? ಈಗಿನ ಎರಡು ಪ್ರಕರಣ ನೋಡಿ, ಒಂದು ಆಫ್ರಿಕಾದ್ದು, ಒಂದು ನಮ್ಮ ಪಕ್ಕದ್ದು.

1996ರಲ್ಲಿ ನೈಜೀರಿಯಾ ದೇಶದ ಕಾನೋದಲ್ಲಿ ಮೆದುಳುಜ್ವರದ ಸಾಂಕ್ರಾಮಿಕ. ಫೈಜರ್ ಕಂಪನಿ ಅಲ್ಲಿನ ಆಸ್ಪತ್ರೆಯಲ್ಲಿ 200 ಮಕ್ಕಳ ಮೇಲೆ ಪ್ರಯೋಗ ಮಾಡಿತು, ಅರ್ಧದಷ್ಟು ಮಕ್ಕಳಿಗೆ ಹೊಸ ಔಷಧ ಟ್ರೋವಾನ್, ಇನ್ನರ್ಧಕ್ಕೆ ಚಾಲ್ತಿಯಲ್ಲಿದ್ದ ಔಷಧ. 11 ಮಕ್ಕಳು ಸತ್ತರು. ಸಾವಿಗೆ ರೋಗ ಕಾರಣ, ಔಷಧ ಅಲ್ಲ ಅಂತ ಕಂಪನಿ ವಾದಿಸಿತು. ಆದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಕೊಟ್ಟಿತ್ತು ಅಂತ ತೋರಿಸಿದ ಅನುಮತಿ ಪತ್ರ ಆಮೇಲೆ ತಯಾರಿಸಿ ಹಿಂದಿನ ತಾರೀಕು ಹಾಕಿದ್ದು, ಪ್ರಯೋಗ ನಡೆದಾಗ ಅಲ್ಲಿ ಅಂಥ ಕಮಿಟಿಯೇ ಇರಲಿಲ್ಲ ಅನ್ನೋದು ಬಯಲಿಗೆ ಬಂತು. ಹಿಂದಿನ ತಾರೀಕಿನ ಕಾಗದ ಅಂದ್ರೆ ಏನು ಅಂತ ನನ್ನಂಥ ಗುಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2009ರಲ್ಲಿ ಕಂಪನಿ ಕಾನೋ ರಾಜ್ಯದ ಜೊತೆ ಏಳೂವರೆ ಕೋಟಿ ಡಾಲರ್‌ಗೆ ರಾಜಿ ಮಾಡ್ಕೊಂತು.

ಅದೇ 2009ರಲ್ಲಿ ಆಂಧ್ರದ ಖಮ್ಮಂ, ಈಗ ತೆಲಂಗಾಣ. ಗರ್ಭಕೊರಳಿನ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆಯ ಅಧ್ಯಯನ. ಅಮೆರಿಕದ ಪಾತ್ ಅನ್ನೋ ಸಂಸ್ಥೆ, ಜೊತೆಗೆ ನಮ್ಮ ಐಸಿಎಂಆರ್, ರಾಜ್ಯ ಸರ್ಕಾರ. ಎಲ್ಲ ಅನುಮೋದಿತ. ಸುಮಾರು 14,000 ಹೆಣ್ಣುಮಕ್ಕಳು, ಬಹಳಷ್ಟು ಜನ ಬುಡಕಟ್ಟು, ದಲಿತ ಮಕ್ಕಳು, ಹಾಸ್ಟೆಲ್‌ನಲ್ಲಿದ್ದೋರು. ಗುಜರಾತಿನ ವಡೋದರಾದಲ್ಲೂ ನಡೀತು. ಏಳು ಹೆಣ್ಣುಮಕ್ಕಳ ಸಾವಿನ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ರು. ಒಂದು ಮಾತು ಸ್ಪಷ್ಟ ಮಾಡ್ತೀನಿ: ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆ ಹೇಳಲಿಲ್ಲ, ಆ ಲಸಿಕೆ ಇವತ್ತು ಜಗತ್ತಿನಲ್ಲಿ ಹೆಣ್ಣುಮಕ್ಕಳ ಜೀವ ಉಳಿಸ್ತಿದೆ. ಯಾರೂ ಇದನ್ನ ಲಸಿಕೆ ವಿರುದ್ಧ ಫಾರ್ವರ್ಡ್ ಮಾಡಬೇಡಿ. ತಪ್ಪು ಇದ್ದದ್ದು ಸಹಿಯಲ್ಲಿ. ತನಿಖೆಯಲ್ಲಿ ನೋಡಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲಿನೋರ ಸಹಿ. ಅಪ್ಪ ಅಮ್ಮ ಊರಲ್ಲಿ ಕೂಲಿ ಮಾಡ್ತಿದ್ದಾರೆ, ಮಗಳ ಮೈಗೆ ಒಪ್ಪಿಗೆ ವಾರ್ಡನ್ ಕೊಟ್ಟ. 2013ರಲ್ಲಿ ಸಂಸದೀಯ ಸಮಿತಿ ಇದನ್ನ ಕಟುವಾಗಿ ಖಂಡಿಸಿತು.

ಪಟೇಲ ಹೋದ, ಯಜಮಾನ ಹೋದ, ವಾರ್ಡನ್ ಬಂದ. ಏಣಿ ಅದೇ. ನಮ್ಮ ಮಕ್ಕಳೂ ಹಾಸ್ಟೆಲ್‌ಗಳಲ್ಲೇ ಓದ್ತಿರೋದು, ನೆನಪಿರಲಿ.

ಇದನ್ನ ತಿರುಗಿಸಿದೋರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಸಾನ್ ಜನ ಅಲ್ಲಿನ ಮೂಲನಿವಾಸಿಗಳು. ಅವರ ಮೈ, ರಕ್ತ, ಭಾಷೆ, ಗಿಡಮೂಲಿಕೆ ಜ್ಞಾನ, ಎಲ್ಲದರ ಮೇಲೂ ದಶಕಗಟ್ಟಲೆ ಸಂಶೋಧನೆ ನಡೆದಿದೆ. ಅವರು ಬೇಸತ್ತು 2017ರಲ್ಲಿ ತಾವೇ ಒಂದು ಸಂಶೋಧನಾ ನೀತಿಸಂಹಿತೆ ಬರೆದ್ರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ, ಇಷ್ಟು ಇದ್ದರೆ ಬನ್ನಿ ಅಂದ್ರು. ಬರಬೇಡಿ ಅನ್ನಲಿಲ್ಲ. ಹೆಂಗೆ ಬರಬೇಕು ಅಂತ ಹೇಳಿದ್ರು. ಟಾಂಜಾನಿಯಾ, ಉಗಾಂಡದಂಥ ದೇಶಗಳಲ್ಲಿ ಆರೋಗ್ಯ ಆಗಲಿ ಸಮಾಜ ವಿಜ್ಞಾನ ಆಗಲಿ, ಹೊರಗಿನ ಸಂಶೋಧಕರು ರಾಷ್ಟ್ರೀಯ ವಿಜ್ಞಾನ ಮಂಡಳಿಯ ಪರವಾನಗಿ ಪಡೆಯದೆ ಕೆಲಸ ಶುರು ಮಾಡೋ ಹಾಗಿಲ್ಲ.

ನಮ್ಮಲ್ಲಿ? ಔಷಧ ಪ್ರಯೋಗಕ್ಕೆ 2019ರ ನಿಯಮಗಳಿವೆ, ಎಥಿಕ್ಸ್ ಕಮಿಟಿ ಕಡ್ಡಾಯ, ನೋಂದಣಿ ಕಡ್ಡಾಯ. ಆರೋಗ್ಯ ಸಂಶೋಧನೆಗೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಬರೀ ಸಮಾಜ ವಿಜ್ಞಾನದ ಸರ್ವೆಗೆ ಅಂಥ ಕಾನೂನಿನ ಕಟ್ಟು ಇಲ್ಲ. ಇರೋ ಮಾರ್ಗಸೂಚಿಯಲ್ಲೂ ನಮಗೆ ಉಪಯೋಗದ ಮಾತುಗಳಿವೆ. ಒಪ್ಪಿಗೆ ಪತ್ರ ನಮಗೆ ಅರ್ಥ ಆಗೋ ಭಾಷೆಯಲ್ಲಿ ಇರಬೇಕು. ಓದು ಬರದೋರ ಪರವಾಗಿ ಸಂಶೋಧಕರಿಗೆ ಸಂಬಂಧ ಇಲ್ಲದ ಸಾಕ್ಷಿ ಇರಬೇಕು. ಊರಿನ ಮುಖಂಡ ಒಪ್ಪಿದ ಮಾತ್ರಕ್ಕೆ ಒಬ್ಬೊಬ್ಬರ ಒಪ್ಪಿಗೆ ಬೇಡ ಅಂತ ಆಗಲ್ಲ. ಇನ್ನೊಂದು ಮುಖ್ಯ: ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿ ಒಬ್ಬರು ಇರಲೇಬೇಕು. ಆ ಕುರ್ಚಿಯಲ್ಲಿ ಕೇರಿಯ ಹೆಣ್ಣುಮಗಳು ಯಾಕೆ ಕೂರಬಾರದು? ಸಿಂಹಾಸನ ಅಲ್ಲವಲ್ಲ ಅದು.

ನಮ್ಮ ಚಳವಳಿಗೆ ಸಂಶೋಧನೆ ಹೊಸದಲ್ಲ ಬಂಧುಗಳೇ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರದ ತರಗತಿಯಲ್ಲಿ, 25 ವರ್ಷದ ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ್ರು. ಅಧ್ಯಯನದ ವಸ್ತು ಆಗಿದ್ದ ಜನದ ನಡುವಿಂದ ಒಬ್ಬರು ಎದ್ದು ಅಧ್ಯಯನ ಮಾಡೋರಾದ್ರು. ನಮ್ಮ ಸೀಮೆಗೆ ಹತ್ತಿರದ ಕವಿ ಸಿದ್ಧಲಿಂಗಯ್ಯನೋರು ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದ್ದೂ ಅದೇ ದಾರಿ. ಮೊನ್ನೆ 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಮ್ಮ ಮನೆಗಳಿಗೆ ಬಂತಲ್ಲ, ಅದು ನಾವು ಹೋರಾಡಿ ತರಿಸಿಕೊಂಡ ಲೆಕ್ಕ. ಅಲ್ಲೂ ಏನು ತೊಡಕು? ಎಪ್ಸ್ಟೀನ್ ಬರೆದ ಅದೇ ‘ಆದಿ ಕರ್ನಾಟಕ’. ಆ ಹೆಸರಿನ ಕೆಳಗೆ ಮೂಲ ಜಾತಿ ಯಾವುದು ಅಂತ ಬಿಡಿಸೋದೇ ದೊಡ್ಡ ಕೆಲಸ ಆಯ್ತು. ಯಾರೋ ಕೊಟ್ಟ ಹಣೆಪಟ್ಟಿ ಎಷ್ಟು ದಿನ ಅಂಟಿರುತ್ತೆ ನೋಡಿ.

ಹಂಗಾಗಿ, ಮುಂದಿನ ಸಲ ಕೇರಿಗೆ ಫಾರಂ ಬಂದಾಗ ಗದರಿಸಿ ಕಳಿಸಬೇಡಿ. ಬಂದ ಹುಡುಗ ಹುಡುಗಿ ದಿನಗೂಲಿಯೋರೇ ಇರ್ತಾರೆ. ನೀರು ಕೊಟ್ಟು, ಕೂರಿಸಿ, ಇಷ್ಟು ಕೇಳಿ:

1. ಇದನ್ನ ಅನುಮೋದಿಸಿದ ಕಮಿಟಿ ಯಾವುದು? ಪತ್ರದ ನಂಬರ್, ತಾರೀಕು ತೋರಿಸಿ.
2. ದುಡ್ಡು ಯಾರದ್ದು?
3. ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯಾ? ಒಂದು ಪ್ರತಿ ನಮಗೆ ಕೊಡಿ.
4. ಬೇಡ ಅಂದ್ರೆ ರೇಷನ್ನು, ಪಿಂಚಣಿ, ಆಸ್ಪತ್ರೆಗೆ ತೊಂದರೆ ಇಲ್ಲ ತಾನೇ? ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.
5. ರಕ್ತದ ರಿಪೋರ್ಟು ನಮಗೆ ಯಾವಾಗ ಸಿಗುತ್ತೆ?
6. ಎಲ್ಲ ಮುಗಿದ ಮೇಲೆ ಏನು ಕಂಡಿರಿ ಅಂತ ಇದೇ ಅಂಬೇಡ್ಕರ್ ಭವನಕ್ಕೆ ಬಂದು ಕನ್ನಡದಲ್ಲಿ ಹೇಳ್ತೀರಾ?

ಈ ಆರಕ್ಕೂ ಉತ್ತರ ಇದ್ದರೆ, ಅವರು ಒಳ್ಳೇ ಕೆಲಸಕ್ಕೆ ಬಂದಿದ್ದಾರೆ. ಮನಸ್ಸು ಬಿಚ್ಚಿ ಮಾತಾಡಿ. ನಾಳೆ ನಮ್ಮ ಕೋರ್ಟು ಕೇಸಿಗೆ, ನಮ್ಮ ಮೀಸಲಾತಿಗೆ, ನಮ್ಮ ಕುಡಿಯೋ ನೀರಿಗೆ ಅದೇ ಸಾಕ್ಷಿ ಆಗುತ್ತೆ. ಉತ್ತರ ಇಲ್ಲದಿದ್ರೆ, ಉತ್ತರ ತಗೊಂಡು ಬನ್ನಿ ಅಂತ ಹೇಳಿ.

ನಮ್ಮ ಅಜ್ಜಂದಿರ ಹೆಬ್ಬೆಟ್ಟನ್ನ ಸಾಲದ ಪತ್ರಕ್ಕೆ ಒತ್ತಿಸಿಕೊಂಡ್ರು. ನಮ್ಮ ಮಕ್ಕಳ ಸಹಿ ಅವರದ್ದೇ ಆಗಿರಲಿ, ಅವರು ಓದಿದ ಕಾಗದದ ಮೇಲೇ ಇರಲಿ.

ಓದಿ, ಹಂಚಿ. ನಿಮ್ಮ ಕೇರಿಗೆ ಬಂದ ಸರ್ವೆಗಳ ಒಪ್ಪಿಗೆ ಪತ್ರದ ಪ್ರತಿ ಇದ್ದರೆ ಜೋಪಾನವಾಗಿ ತೆಗೆದಿಡಿ. ನಾಳೆಯ ಚರಿತ್ರೆಗೆ ಅವು ಬೇಕಾಗ್ತವೆ.

ಜೈ ಭೀಮ್.